ಒಕ್ಕಲು ಮನೆಯ ಬೆಕ್ಕುಗಳೂ ಉಸುಕಿನ ತಟ್ಟೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ಕಾಳಿನ ಸೀಮೆಗಳು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ತೊಗರಿ, ಕುಸುಬೆ ಇವು ಒಕ್ಕಲಿಗನ ಹಳೆಯ ಬೆಳೆಗಳಾಗಿರುತ್ತವೆ. ಹಿಂದಿನ ಕಾಲದಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಬಿಡುತ್ತಿದ್ದರು. ಈಗ ಹಗೇವುಗಳು ಬಹುಮಟ್ಟಿಗೆ ಬಳಕೆ ತಪ್ಪಿ, ಕಾಳು ಚೀಲಗಳಲ್ಲಿ ಮನೆಯ ಪಡಸಾಲೆಗೂ ಒಳಕೋಣೆಗೂ ಬಂದು ಕುಳಿತಿದೆ. ಕಾಳಿನ ಬೆನ್ನಿಗೆ ಇಲಿಯೂ, ಇಲಿಯ ಬೆನ್ನಿಗೆ ಬೆಕ್ಕೂ ಬರುವದು ಸಹಜವೇ ಸರಿ. ಹೆಣ್ಣು ಬೆಕ್ಕು ಸುಮಾರು ಒಂಬತ್ತು ವಾರ ಗರ್ಭ ಧರಿಸಿ ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಬಲ್ಲದಾದುದರಿಂದ, ಒಂದು ಬೆಕ್ಕನ್ನು ತಂದ ಮನೆಯಲ್ಲಿ ಸ್ವಲ್ಪ ಕಾಲದಲ್ಲಿಯೇ ನಾಲ್ಕಾರು ಬೆಕ್ಕುಗಳು ಕಾಣುವವು.

ಬೆಕ್ಕುಗಳ ಸಂಖ್ಯೆ ಹೆಚ್ಚಿದಂತೆ ಮನೆಯಲ್ಲಿ ಒಂದು ದೂರು ಹುಟ್ಟುತ್ತದೆ. ಒಲೆಯ ಹತ್ತಿರದ ಬೂದಿಯಲ್ಲಿ, ಹೊಟ್ಟಿನ ಕೋಣೆಯಲ್ಲಿ, ಹರವಿದ ಜೋಳದ ಮೇಲೆ, ಕೆಲವು ಸಲ ಹಾಸಿಗೆಯ ಮೇಲೆಯೇ ಹೊಲಸು ಬೀಳುವದು. ಇದಕ್ಕೆ ಜನರು ಮಾಡುವ ಉಪಾಯಗಳು ಎರಡು. ಬೆಕ್ಕನ್ನು ಹೊಡೆದು ಅದರ ಮೂತಿಯನ್ನು ಹೊಲಸಿಗೆ ಒತ್ತುವದು ಒಂದು. ಚೀಲದಲ್ಲಿ ಕಟ್ಟಿ ಹಳ್ಳದಾಚೆ ಬಿಟ್ಟು ಬರುವದು ಇನ್ನೊಂದು. ಮೊದಲನೆಯದರಿಂದ ಬೆಕ್ಕು ಮನುಷ್ಯನನ್ನು ಕಂಡು ಅಂಜಿ, ಇನ್ನೂ ಮರೆಯಾದ ಮೂಲೆಯನ್ನು ಹುಡುಕುವದಲ್ಲದೆ ಬೇರೇನನ್ನೂ ಕಲಿಯುವದಿಲ್ಲ. ಎರಡನೆಯದರ ಫಲವು ಮುಂದಿನ ಸುಗ್ಗಿಯೊಳಗಾಗಿ ಚೀಲಗಳ ತಳದಲ್ಲಿ ಕಾಣುವದು. ಅಷ್ಟೇ ಅಲ್ಲ, ಹಳೆಯ ಬೆಕ್ಕನ್ನು ಓಡಿಸಿ ಹೊಸ ಮರಿಯನ್ನು ತರುವದರಿಂದ ಮನೆಯ ಕುರಿ ಮೇಕೆಗಳಿಗೆ ಅಪಾಯವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವದಿಲ್ಲ. ಅದರ ಕಾರಣವನ್ನು ಮುಂದೆ ವಿವರಿಸಿದೆ.

ಬೆಕ್ಕಿನ ಸ್ವಭಾವ

ಸಾಕು ಬೆಕ್ಕಿನ ಪೂರ್ವಜವು ಒಣ ಪ್ರದೇಶಗಳ ಕಾಡುಬೆಕ್ಕು. ಸಡಿಲವಾದ ಒಣ ಮಣ್ಣನ್ನು ಕಾಲಿನಿಂದ ಕೆದರಿ, ಮಲಮೂತ್ರ ವಿಸರ್ಜಿಸಿ, ಮೇಲೆ ಮಣ್ಣೆಳೆದು ಮುಚ್ಚುವದು ಅದರ ಹುಟ್ಟುಗುಣ. ನಾಯಿಗೂ ದನಕ್ಕೂ ಈ ಗುಣವಿಲ್ಲ. ಆದುದರಿಂದ ಬೆಕ್ಕು ಹೊಲಸು ಪ್ರಾಣಿಯೆಂದು ಹೇಳುವದು ನ್ಯಾಯವಲ್ಲ. ಅದು ಬೇಡುವದು ಕೆದರಲು ಬರುವ ಒಣ ಪುಡಿಯುಳ್ಳ, ಗದ್ದಲವಿಲ್ಲದ ಒಂದು ಸ್ಥಳವನ್ನು ಮಾತ್ರ.

ಒಕ್ಕಲು ಮನೆಯಲ್ಲಿ ಇಂಥ ಸ್ಥಳ ಯಾವದಿದೆ ಎಂದು ಒಮ್ಮೆ ನೋಡತಕ್ಕದ್ದು. ಪಡಸಾಲೆಗೆ ಕಲ್ಲು ಹಾಸಿದೆ. ಅಂಗಳಕ್ಕೆ ಈಗ ಸಿಮೆಂಟು ಬಂದಿದೆ. ಹಿತ್ತಲಲ್ಲಿಯ ಎರೆನೆಲವು ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿದಿರುತ್ತದೆ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ರಾಡಿಯಾಗುತ್ತದೆ; ಓಣಿಯಲ್ಲಿ ನಾಯಿಗಳಿವೆ. ಉಳಿದದ್ದು ಒಲೆಯ ಬೂದಿ, ಹರವಿದ ಕಾಳು, ಮತ್ತು ಎಲ್ಲಕ್ಕೂ ಮೇಲಾಗಿ ಹೊಟ್ಟಿನ ಕೋಣೆ. ತೊಗರಿ ಹೊಟ್ಟು, ಕಡಲೆ ಹೊಟ್ಟು ಇವು ಒಣಗಿರುತ್ತವೆ, ಹಗುರವಾಗಿರುತ್ತವೆ, ಕೆದರಿದರೆ ಸರಿಯುತ್ತವೆ, ಮೂತ್ರವನ್ನು ಹೀರುತ್ತವೆ. ಕೋಣೆಯು ಕತ್ತಲೆಯಾಗಿದ್ದು ಯಾರ ಓಡಾಟವೂ ಇರುವದಿಲ್ಲ. ಬೆಕ್ಕಿನ ಕಣ್ಣಿಗೆ ಇದಕ್ಕಿಂತ ಉತ್ತಮವಾದ ಶೌಚಸ್ಥಾನವಿಲ್ಲ. ಆ ಹೊಟ್ಟೇ ಗಬ್ಬದ ಕುರಿಗೂ ಮೇಕೆಗೂ ಸಂಜೆಯ ಮೇವಾಗಿರುತ್ತದೆಂಬದೇ ಈ ವಿಷಯದ ಗಂಭೀರವಾದ ಭಾಗ.

ಹೊಟ್ಟಿನ ಕೋಣೆಯಿಂದ ಕುರಿಯ ಗರ್ಭಕ್ಕೆ

೧೯೦೮ರಲ್ಲಿ ಬೆರಾರದ ಅಮರಾವತಿಯಲ್ಲಿದ್ದ ಸರಕಾರಿ ವೈದ್ಯಾಧಿಕಾರಿ ಬ್ಯುಕಾನನ್ ಎಂಬವರು ಪ್ಲೇಗಿನ ತಡೆಗೆ ಬೆಕ್ಕುಗಳನ್ನು ಸಾಕುವದು ಒಳ್ಳೆಯ ಉಪಾಯವೆಂದು ಬರೆದರು. ಅದೇ ವರ್ಷ ಆಫ್ರಿಕೆಯ ಟ್ಯೂನಿಸ್ ಪಟ್ಟಣದಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬ ಶಾಸ್ತ್ರಜ್ಞರು ಗುಂಡಿ ಎಂಬ ದಂಶಕ ಪ್ರಾಣಿಯಲ್ಲಿ ಒಂದು ಸೂಕ್ಷ್ಮ ಪರೋಪಜೀವಿಯನ್ನು ಕಂಡುಹಿಡಿದರು. ಅದಕ್ಕೆ ಮುಂದೆ ಟಾಕ್ಸೊಪ್ಲಾಸ್ಮಾ ಎಂದು ಹೆಸರಾಯಿತು. ಈ ಜೀವಿಗೂ ಬೆಕ್ಕಿಗೂ ಇರುವ ಸಂಬಂಧವು ಗೊತ್ತಾಗಲು ಮತ್ತೆ ಅರವತ್ತು ವರ್ಷಗಳು ಬೇಕಾದವು. ೧೯೭೦ರ ಸುಮಾರಿಗೆ ಸ್ಕಾಟ್ಲಂಡದಲ್ಲಿ ಹಚಿಸನ್, ಅಮೇರಿಕೆಯಲ್ಲಿ ಫ್ರೆಂಕೆಲ್ ಮತ್ತು ಭಾರತದಲ್ಲಿ ಜನಿಸಿದ ದುಬೆ ಮುಂತಾದವರ ಶೋಧನೆಗಳಿಂದ, ಈ ಜೀವಿಯು ಬೆಕ್ಕಿನ ಕರುಳಿನಲ್ಲಿ ಸಂತಾನ ಬೆಳೆಸಿ, ತತ್ತಿಯಂಥ ಕೋಶಗಳ ರೂಪದಲ್ಲಿ ಮಲದೊಡನೆ ಹೊರಬೀಳುತ್ತದೆಂದು ಸಿದ್ಧವಾಯಿತು.

ಬೆಕ್ಕಿನ ಮರಿಯು ಮೊದಲ ಸಲ ಬೇಟೆ ಕಲಿತು ರೋಗವುಳ್ಳ ಇಲಿಯನ್ನು ತಿಂದಾಗ, ಅಥವಾ ಹಸಿ ಮಾಂಸದ ಚೂರು ತಿಂದಾಗ, ಈ ಜೀವಿಯು ಅದರ ಹೊಟ್ಟೆ ಸೇರುತ್ತದೆ. ಆಮೇಲೆ ಒಂದರಿಂದ ಮೂರು ವಾರಗಳ ವರೆಗೆ ಆ ಬೆಕ್ಕಿನ ಮಲದಲ್ಲಿ ಲಕ್ಷಗಟ್ಟಲೆ ಕೋಶಗಳು ಬೀಳುತ್ತವೆ. ಬೆಕ್ಕಿಗೆ ಸಾಮಾನ್ಯವಾಗಿ ಯಾವ ಬೇನೆಯೂ ಕಾಣುವದಿಲ್ಲ. ಅನಂತರ ಅದರ ಮೈಯಲ್ಲಿ ಪ್ರತಿರೋಧ ಶಕ್ತಿಯು ಹುಟ್ಟಿ, ಬಹುಶಃ ಜನ್ಮದಲ್ಲಿ ಮತ್ತೆ ಕೋಶಗಳನ್ನು ಹೊರಹಾಕುವದಿಲ್ಲ. ಇದರಿಂದ ಒಂದು ಮಾತು ಸ್ಪಷ್ಟವಾಗುವದು. ಮನೆಯಲ್ಲಿ ವರ್ಷಗಳಿಂದ ಇದ್ದ ಮುದಿ ಬೆಕ್ಕು ಅಪಾಯದ ಪ್ರಾಣಿಯಲ್ಲ. ವರ್ಷಕ್ಕೆರಡು ಮೂರು ಸಲ ಹುಟ್ಟುವ ಮರಿಗಳ ಹಿಂಡೇ ಅಪಾಯದ ಮೂಲ. ಹಳೆಯದನ್ನು ಹಳ್ಳದಾಚೆ ಬಿಟ್ಟು ಹೊಸ ಮರಿ ತರುವವನು, ತನಗೆ ತಿಳಿಯದೆ, ತೀರಿಹೋದ ಅಪಾಯವನ್ನು ಮತ್ತೆ ಮನೆಗೆ ಕರೆದು ತರುತ್ತಾನೆ.

ಈ ಕೋಶಗಳು ಬಿದ್ದ ಹೊಟ್ಟನ್ನು ಗಬ್ಬದ ಕುರಿಯು ತಿಂದರೆ ಪರಿಣಾಮವು ಗರ್ಭದ ತಿಂಗಳನ್ನು ಅವಲಂಬಿಸಿರುತ್ತದೆ. ಕುರಿಯ ಗರ್ಭಕಾಲ ಸುಮಾರು ಐದು ತಿಂಗಳು. ಮೊದಲ ಭಾಗದಲ್ಲಾದರೆ ಪಿಂಡವು ಒಳಗೇ ಕರಗಿ, ಕುರಿಯು ಗಬ್ಬವೇ ಆಗಿರಲಿಲ್ಲವೆಂದು ಕುರುಬನು ತಿಳಿಯುತ್ತಾನೆ. ನಡುವೆಯಾದರೆ ಕಂದು ಹಾಕುತ್ತದೆ, ಇಲ್ಲವೆ ಒಣಗಿ ಕರಿದಾದ ಪಿಂಡ ಬೀಳುತ್ತದೆ. ಕೊನೆಯಲ್ಲಾದರೆ ಸತ್ತ ಮರಿಯೋ, ನಿಲ್ಲಲಾರದ ಅಶಕ್ತ ಮರಿಯೋ ಹುಟ್ಟುವದು. ಮೇಕೆಗಳಲ್ಲಿಯೂ ಹೀಗೆಯೇ. ದನ ಎಮ್ಮೆಗಳಿಗೆ ಇದರ ಬಾಧೆಯು ಬಹಳ ಕಡಿಮೆ. ಹೊಲದಲ್ಲಿ ಮೇದು ಹೊಲದಲ್ಲಿಯೇ ತಂಗುವ ದೊಡ್ಡ ಹಿಂಡುಗಳಿಗಿಂತ, ಮನೆಯಲ್ಲಿ ಕಟ್ಟಿ ಹೊಟ್ಟು ಹಾಕುವ ನಾಲ್ಕೆಂಟು ಕುರಿ ಮೇಕೆಗಳು ಈ ಮಾರ್ಗದ ಅಪಾಯಕ್ಕೆ ಹೆಚ್ಚು ಒಳಗಾಗುತ್ತವೆ. ಅವು ಬಡ ಒಕ್ಕಲಿಗನ ಮತ್ತು ಕೂಲಿಕಾರನ ಕೈಗಂಟು ಎಂಬದನ್ನು ಹೇಳಬೇಕಾಗಿಲ್ಲ.

ಕುರಿ ಕಂದು ಹಾಕಿದೊಡನೆ ಬೆಕ್ಕಿನ ಮೇಲೆ ತಪ್ಪು ಹೊರಿಸುವದೂ ಸರಿಯಲ್ಲ. ಬ್ರುಸೆಲ್ಲಾ ಮುಂತಾದ ಬೇರೆ ರೋಗಾಣುಗಳಿಂದಲೂ ಹೀಗಾಗುವದುಂಟು. ಬ್ರುಸೆಲ್ಲಾ ಮನುಷ್ಯರಿಗೆ ಹತ್ತಿ ತಿಂಗಳುಗಟ್ಟಲೆ ಜ್ವರ ತರುತ್ತದೆ. ಆದುದರಿಂದ ಬಿದ್ದ ಕಂದನ್ನೂ ಸತ್ತೆಯನ್ನೂ ಬರಿಗೈಯಿಂದ ಮುಟ್ಟದೆ, ಕುರಿಯನ್ನು ಬೇರೆ ಕಟ್ಟಿ, ತಾಲೂಕಿನ ಪಶು ಆಸ್ಪತ್ರೆಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ಕಾರಣವು ಟಾಕ್ಸೊಪ್ಲಾಸ್ಮಾ ಎಂದು ಗೊತ್ತಾದರೆ ಆ ಕುರಿಯನ್ನು ಕಟುಕನಿಗೆ ಮಾರುವ ಅವಸರ ಬೇಡ. ಒಮ್ಮೆ ಈ ರೋಗ ಕಂಡ ಕುರಿಯು ಸಾಮಾನ್ಯವಾಗಿ ಅದರಿಂದ ಮತ್ತೆ ಕಂದು ಹಾಕುವದಿಲ್ಲ.

ಗರ್ಭಿಣಿ ಸ್ತ್ರೀಯರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಗರ್ಭಕಾಲದಲ್ಲಿ ಮೊದಲ ಸಲ ಈ ಜೀವಿಯು ಸೇರಿದರೆ ಗರ್ಭಪಾತವಾಗುವ, ಇಲ್ಲವೆ ಕೂಸಿನ ಕಣ್ಣಿಗೂ ಮೆದುಳಿಗೂ ಕೇಡಾಗುವ ಸಂಭವವಿದೆ. ಬೆಕ್ಕಿನ ಹೊಲಸು ತೆಗೆಯುವ ಕೆಲಸವನ್ನು ಬಸುರಿಗೆ ಹೇಳಲೇಕೂಡದು, ಗಂಡಸರು ಮಾಡಬೇಕು. ಬೆಕ್ಕನ್ನು ಮುಟ್ಟಿದ ಮಾತ್ರದಿಂದ ಭಯವಿಲ್ಲ. ಭಯವಿರುವದು ಹಳೆಯ ಮಲದಲ್ಲಿ, ಅದು ಬೆರೆತ ಮಣ್ಣಿನಲ್ಲಿ, ತೊಳೆಯದ ಕಾಯಿಪಲ್ಲೆಯಲ್ಲಿ ಮತ್ತು ಸರಿಯಾಗಿ ಬೇಯದ ಮಾಂಸದಲ್ಲಿ.

ಒಂದು ದಿನದ ಲೆಕ್ಕ

ಮೇಲಿನದೆಲ್ಲವನ್ನು ಓದಿ ಅಂಜುವವರಿಗೆ ಒಂದು ಸಮಾಧಾನದ ಸಂಗತಿಯಿದೆ. ಮಲದಲ್ಲಿ ಬಿದ್ದ ಕೋಶವು ಆ ಕ್ಷಣಕ್ಕೇ ರೋಗ ಹತ್ತಿಸಲಾರದು. ಗಾಳಿ, ತೇವ, ಬೆಚ್ಚನೆಯ ಹವೆ ಇವು ಸಿಕ್ಕು ಅದು ಪಕ್ವವಾಗಲು ಒಂದರಿಂದ ಐದು ದಿವಸಗಳು ಬೇಕು. ಪಕ್ವವಾದ ಮೇಲೆ ಮಾತ್ರ ತೇವವಿದ್ದ ಮಣ್ಣಿನಲ್ಲಿ ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಪೇಟೆಯ ಸಾಮಾನ್ಯ ಕ್ರಿಮಿನಾಶಕಗಳು ಅದನ್ನು ಕೊಲ್ಲಲಾರವು, ಕುದಿಯುವ ನೀರು ಕೊಲ್ಲುತ್ತದೆ. ಆದುದರಿಂದ ಇಂದಿನ ಮಲವನ್ನು ಇಂದೇ ತೆಗೆದು ಹುಗಿದುಬಿಟ್ಟರೆ ರೋಗದ ಸರಪಳಿಯು ಅಲ್ಲಿಯೇ ತುಂಡಾಗುವದು. ಮಲವು ಎಲ್ಲಿ ಬೀಳುತ್ತದೆಂಬದು ಗೊತ್ತಿದ್ದರೆ ಮಾತ್ರ ಹಾಗೆ ತೆಗೆಯಲು ಸಾಧ್ಯ. ಹೊಟ್ಟಿನ ಕೋಣೆಯಲ್ಲಿ ಹುಡುಕಿ ತೆಗೆಯಲಾಗದು; ತಟ್ಟೆಯಲ್ಲಿ ತೆಗೆಯಬಹುದು. ಉಸುಕಿನ ತಟ್ಟೆಯು ಪೇಟೆಯವರ ಶೋಕಿಯೆಂದು ನಗುವವರು ಈ ಲೆಕ್ಕವನ್ನು ಮರೆಯುತ್ತಾರೆ.

ತಟ್ಟೆಗಳ ಸಂಖ್ಯೆಗೆ ಅನುಭವಿಕರು ಹೇಳುವ ನಿಯಮವಿದು: ಎಷ್ಟು ಬೆಕ್ಕುಗಳೋ ಅಷ್ಟು ತಟ್ಟೆಗಳು, ಮೇಲೊಂದು. ನಾಲ್ಕು ಬೆಕ್ಕುಗಳಿದ್ದರೆ ಐದು. ಇಷ್ಟು ಏಕೆಂದು ಕೇಳಬಹುದು. ಬೆಕ್ಕುಗಳು ಹಿಂಡಿನ ಪ್ರಾಣಿಗಳಲ್ಲ. ಬಲಿಷ್ಠವಾದ ಒಂದು ಬೆಕ್ಕು ತಟ್ಟೆಯ ದಾರಿಯಲ್ಲಿ ಸುಮ್ಮನೆ ಕುಳಿತುಬಿಟ್ಟರೆ ಸಾಕು, ಅಂಜುಬುರುಕ ಬೆಕ್ಕು ಹೊಟ್ಟಿನ ಕೋಣೆಗೆ ಹೋಗುತ್ತದೆ. ಜಗಳವಾದದ್ದು ಮನೆಯವರಿಗೆ ಕಾಣುವದೂ ಇಲ್ಲ. ಐದನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ತಟ್ಟೆ. ಬೇರೆ ಬೇರೆ ಕಡೆಗೆ ಇಡತಕ್ಕದ್ದು. ದಿನದ ಹೆಚ್ಚು ಹೊತ್ತು ಹೊರಗೆ ತಿರುಗುವ ಬೆಕ್ಕುಗಳಿದ್ದ ಮನೆಯಲ್ಲಿ ಒಂದೆರಡು ಕಡಿಮೆಯಾದರೂ ನಡೆದೀತು. ಆದರೆ ನಾಲ್ಕು ಬೆಕ್ಕುಗಳಿಗೆ ಒಂದೇ ತಟ್ಟೆಯಿಟ್ಟು ಉಪಾಯ ಫಲಿಸಲಿಲ್ಲವೆನ್ನುವದು ನಾಲ್ಕೆಕರೆಗೆ ಒಂದೆಕರೆಯ ಬೀಜ ಬಿತ್ತಿ ಬೆಳೆ ಬರಲಿಲ್ಲವೆಂದಂತೆ.

ತಟ್ಟೆಗೆ ಬೆಲೆಯ ಸಾಮಾನು ಬೇಡ. ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಉದ್ದವಿರುವ ಹಳೆಯ ಪರಾತ, ಅಗಲವಾದ ಪ್ಲಾಸ್ಟಿಕ್ಕಿನ ಬುಟ್ಟಿ, ಒಂದು ಬದಿ ಕತ್ತರಿಸಿದ ಎಣ್ಣೆಯ ಡಬ್ಬಿ ಯಾವದಾದರೂ ಆದೀತು. ಕತ್ತರಿಸಿದ ಅಂಚನ್ನು ಮಾತ್ರ ಬಡಿದು ಮಡಿಸಬೇಕು. ಮರಿಗಳಿಗೂ ಮುದಿ ಬೆಕ್ಕುಗಳಿಗೂ ಒಂದು ಬದಿಯ ಅಂಚು ಮೂರು ಅಂಗುಲಕ್ಕಿಂತ ಎತ್ತರವಿರಬಾರದು. ಅಡಿಗೆಮನೆ, ನೀರಿನ ಹರವಿ, ಬೆಕ್ಕಿಗೆ ಹಾಲು ಹಾಕುವ ಸ್ಥಳ ಇವುಗಳಿಂದ ದೂರವಿಡಬೇಕು. ತಿನ್ನುವಲ್ಲಿ ಬೆಕ್ಕು ಹೊಲಸು ಮಾಡಲೊಲ್ಲದು. ಹಿಟ್ಟಿನ ಗಿರಣಿ, ಪಂಪು ಮುಂತಾದ ಸದ್ದು ಮಾಡುವ ಯಂತ್ರಗಳ ಮಗ್ಗುಲಲ್ಲಿಯೂ ಬೇಡ. ಈಗಾಗಲೇ ಹೊಟ್ಟಿನ ಕೋಣೆಯ ರೂಢಿಯಾಗಿದ್ದರೆ, ಮೊದಲನೆಯ ತಟ್ಟೆಯನ್ನು ಆ ಕೋಣೆಯ ಬಾಗಿಲ ಹೊರಗೇ ಇಟ್ಟು, ಬಾಗಿಲನ್ನು ಮುಚ್ಚಿ, ರೂಢಿ ಹತ್ತಿದ ಮೇಲೆ ದಿನಕ್ಕೆ ಒಂದೆರಡು ಗೇಣಿನಂತೆ ಬೇಕಾದಲ್ಲಿಗೆ ಸರಿಸುತ್ತ ಹೋಗಬಹುದು.

ತಟ್ಟೆಯಲ್ಲಿ ಏನು ಹಾಕಬೇಕು?

ಅಮೇರಿಕೆಯಲ್ಲಿಯೂ ಮೊದಲು ಮನೆಗಳಲ್ಲಿ ಬೂದಿ, ಉಸುಕು, ಕಟ್ಟಿಗೆಯ ಹೊಟ್ಟು ಇವನ್ನೇ ಬಳಸುತ್ತಿದ್ದರು. ೧೯೪೭ರಲ್ಲಿ ಮಿಶಿಗನ್ ಪ್ರಾಂತದ ಎಡ್ವರ್ಡ್ ಲೋ ಎಂಬ ವ್ಯಾಪಾರಿಯು, ಎಣ್ಣೆ ಚೆಲ್ಲಿದ ನೆಲಕ್ಕೆ ಹಾಕುವ ಹೀರುವ ಜೇಡಿಮಣ್ಣನ್ನು ನೆರೆಯವಳೊಬ್ಬಳಿಗೆ ಬೆಕ್ಕಿನ ತಟ್ಟೆಗೆಂದು ಕೊಟ್ಟನು. ಅದರಿಂದ ಒಂದು ದೊಡ್ಡ ವ್ಯಾಪಾರವೇ ಬೆಳೆಯಿತು. ೧೯೮೦ರ ದಶಕದಲ್ಲಿ ಬೆಂಟೊನೈಟ್ ಎಂಬ ಮಣ್ಣು ಬಳಕೆಗೆ ಬಂದಿತು. ಅದು ಮೂತ್ರ ಬಿದ್ದಲ್ಲಿ ಉಬ್ಬಿ ಗಟ್ಟಿಯಾದ ಗಂಟಾಗುವದರಿಂದ ಗಂಟನ್ನಷ್ಟೇ ಎತ್ತಿ ಚೆಲ್ಲಬಹುದು. ಭಾರತದಲ್ಲಿ ಈ ಮಣ್ಣು ಕಚ್ಛ ಮತ್ತು ಬಾಡಮೇರ ಸೀಮೆಗಳಲ್ಲಿ ಸಿಗುತ್ತದೆ. ಪಟ್ಟಣದ ಅಂಗಡಿಗಳಲ್ಲಿ ಚೀಲ ಕಟ್ಟಿ ಮಾರುತ್ತಾರೆ. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಬಹುದು. ಆದರೆ ಬೆಂಟೊನೈಟಿಗೆ ಉಬ್ಬುವ ಗುಣವನ್ನು ಕೊಡುವ ಮಾಂಟ್‌ಮೊರಿಲೊನೈಟ್ ಎಂಬ ಜಿಗುಟು ಖನಿಜದ ವರ್ಗವೇ ಎರೆಮಣ್ಣಿನಲ್ಲಿಯೂ ಪ್ರಧಾನವಾಗಿರುತ್ತದೆಂಬದು ತಿಳಿದಿರಲಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಗುಣ, ನೀರನ್ನು ಹಿಡಿದಿಟ್ಟು ಹಿಂಗಾರಿ ಜೋಳವನ್ನು ಬೆಳೆಸುವ ಗುಣ ಇವೂ ಬಹುಮಟ್ಟಿಗೆ ಅದರಿಂದಲೇ ಬಂದವು.

ಎರೆಮಣ್ಣನ್ನು ಒಂದನ್ನೇ ಹಾಕಿದರೆ ತೊಯ್ದಾಗ ಬೆಕ್ಕಿನ ಪಾದಕ್ಕೆ ಅಂಟಿ ಮನೆಯೆಲ್ಲ ಹೆಜ್ಜೆ ಮೂಡುವದು. ಉಸುಕನ್ನು ಒಂದನ್ನೇ ಹಾಕಿದರೆ ಮೂತ್ರವು ತಳಕ್ಕಿಳಿದು ನಾರುವದು. ಮೂರು ಪಾಲು ಸಣ್ಣ ಉಸುಕಿಗೆ ಒಂದು ಪಾಲು ಚೆನ್ನಾಗಿ ಒಣಗಿಸಿ ಸಾಣಿಸಿದ ಎರೆಮಣ್ಣು ಬೆರೆಸಿ ನೋಡಿ, ಗಂಟು ಕಟ್ಟುವಂತೆ ಪಾಲನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಮಣ್ಣನ್ನು ಔಷಧ ಸಿಂಪಡಿಸಿದ ಹೊಲದಿಂದಾಗಲಿ, ತಿಪ್ಪೆಯ ಬದಿಯಿಂದಾಗಲಿ ತರಕೂಡದು. ಮಿಶ್ರಣವು ತಟ್ಟೆಯಲ್ಲಿ ಎರಡು ಮೂರು ಅಂಗುಲ ದಪ್ಪವಿರಲಿ. ಒಲೆಯ ಬೂದಿಯು ವಾಸನೆಯನ್ನು ಹಿಡಿಯುತ್ತದೆ ನಿಜ. ಆದರೆ ತೊಯ್ದ ಬೂದಿಯು ಕ್ಷಾರವಾಗಿ ಪಾದವನ್ನು ಸುಡುವದರಿಂದಲೂ, ಕೆಂಡ ಉಳಿದಿರುವ ಭಯದಿಂದಲೂ ಅದನ್ನು ಬಳಸದಿರುವದು ಲೇಸು. ತೊಗರಿ, ಕಡಲೆಯ ಹೊಟ್ಟನ್ನಂತೂ ತಟ್ಟೆಗೆ ಎಂದಿಗೂ ಹಾಕಬಾರದು. ಹೊಟ್ಟು ಶೌಚಕ್ಕೆಂದೇ ಇದೆಯೆಂದು ಬೆಕ್ಕಿಗೆ ಕಲಿಸಿಕೊಟ್ಟಂತಾಗುವದು.

ತೂತುಗಳುಳ್ಳ ತಗಡಿನ ಸವಟಿನಿಂದ ಮುಂಜಾನೆ ಸಂಜೆ ಎರಡು ಹೊತ್ತು, ತಪ್ಪಿದರೆ ದಿನಕ್ಕೆ ಒಂದು ಹೊತ್ತಾದರೂ, ಮಲವನ್ನೂ ಗಂಟನ್ನೂ ಎತ್ತಬೇಕು. ಮಿಶ್ರಣವನ್ನು ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ತಟ್ಟೆಗೆ ಕುದಿಯುವ ನೀರು ಸುರಿದು, ಬಿಸಿಲಿಗಿಡಬೇಕು. ಎತ್ತಿದ್ದನ್ನು ತಿಪ್ಪೆಗೆ ಹಾಕಬಾರದು. ಊರ ತಿಪ್ಪೆಯ ಎಲ್ಲ ಭಾಗವೂ ಕೋಶಗಳು ಸಾಯುವಷ್ಟು ಕಾಯುವದಿಲ್ಲ. ಆ ಗೊಬ್ಬರವು ಕಾಯಿಪಲ್ಲೆಯ ಮಡಿಗೂ ಹೋಗಬಹುದು. ಬಾವಿಯಿಂದ ದೂರದಲ್ಲಿ, ಸಾಧ್ಯವಿದ್ದರೆ ಗರಸು ನೆಲದಲ್ಲಿ, ಒಂದು ಮೊಳಕ್ಕೆ ಕಡಿಮೆಯಿಲ್ಲದ ತಗ್ಗು ತೋಡಿ, ದಿನದಿನದ್ದನ್ನು ಹಾಕಿ ಮೇಲೆ ಮಣ್ಣು ಎಳೆಯಬೇಕು. ಎರೆನೆಲದಲ್ಲಿ ಹುಗಿದರೆ ಬೇಸಿಗೆಯಲ್ಲಿ ನೆಲ ಬಿರಿದು ಬಾಯಿ ತೆರೆಯುವದರಿಂದ ಮೇಲೆ ಒಂದು ಚಪ್ಪಡಿ ಹೇರುವದು ಒಳ್ಳೆಯದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು.

ವಾಸನೆ, ಗಂಡು ಬೆಕ್ಕು, ಬೇನೆ

ನೆಲದ ಮೇಲೆ ಮೂತ್ರ ಬಿದ್ದರೆ ಅನೇಕರು ಕೂಡಲೆ ಫಿನಾಯಿಲ್ ಸುರಿಯುತ್ತಾರೆ. ಕಾರ್ಬೋಲಿಕ್ ಜಾತಿಯ ಔಷಧಗಳನ್ನು ಜೀರ್ಣಿಸುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪಾದಕ್ಕೆ ಹತ್ತಿದ್ದನ್ನು ನೆಕ್ಕಿ ಸಾಯುವದೂ ಉಂಟು. ಡಾಂಬರಿನ ಗುಳಿಗೆಗಳೂ ಹಾಗೆಯೇ ವಿಷ. ಅಮೋನಿಯಾ ಬೆರೆತ ದ್ರವದಿಂದ ತೊಳೆದರೆ ಮೂತ್ರದ ವಾಸನೆಯೇ ಬಂದಂತಾಗಿ ಬೆಕ್ಕು ಮತ್ತೆ ಅಲ್ಲಿಗೇ ಬರುವದು. ಸಾಬೂನಿನ ನೀರು, ಅದರ ಮೇಲೆ ಶಿರಕಾ ಬೆರೆತ ನೀರು, ಒಣಗಿದ ಮೇಲೆ ಅಡಿಗೆಯ ಸೋಡಾದ ಪುಡಿ ಇಷ್ಟು ಸಾಕು.

ಗೋಡೆಗೆ, ಚೀಲಗಳಿಗೆ ನಿಂತುಕೊಂಡು ಸಿಡಿಸುವದು ಬೇರೆ ವಿಷಯ. ಅದು ಹೆಚ್ಚಾಗಿ ಬೀಜವುಳ್ಳ ಗಂಡು ಬೆಕ್ಕಿನ ಗಡಿ ಗುರುತು; ತಟ್ಟೆಗಳಿಂದ ನಿಲ್ಲದು. ಪಶುವೈದ್ಯರಿಂದ ಬೀಜ ತೆಗೆಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ಇದು ನಿಲ್ಲುವದು ಅಥವಾ ತೀರ ಕಡಿಮೆಯಾಗುವದು. ಹೆಣ್ಣು ಬೆಕ್ಕುಗಳಿಗೂ ಶಸ್ತ್ರಕ್ರಿಯೆ ಮಾಡಿಸಿದರೆ ಹೊಸ ಮರಿಗಳು ನಿಂತು, ಮೇಲೆ ಹೇಳಿದ ರೋಗದ ಮೂಲವೂ ಕಟ್ಟಿದಂತಾಗುವದು. ಇಂಥ ಬೆಕ್ಕುಗಳು ಇಲಿ ಹಿಡಿಯುವದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಬೆಲೆಬಾಳುವ ಕಾಳಿನ ಚೀಲಗಳನ್ನು ಕಾಯುವ ಪ್ರಾಣಿಗೆ ಒಂದು ಸಲದ ಈ ವೆಚ್ಚವು ಹೆಚ್ಚಲ್ಲ.

ಇಷ್ಟು ದಿವಸ ತಟ್ಟೆ ಬಳಸುತ್ತಿದ್ದ ಬೆಕ್ಕು ಒಮ್ಮೆಲೆ ಬಿಟ್ಟರೆ ಹೊಡೆಯುವದಕ್ಕಿಂತ ಮುಂಚೆ ಅದರ ಮೈಯನ್ನು ನೋಡಬೇಕು. ಅದರಲ್ಲಿಯೂ ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿ, ಕೂಗಿ, ಒಂದು ಹನಿಯೂ ಬರದಿದ್ದರೆ ಮೂತ್ರನಾಳವು ಕಟ್ಟಿದೆಯೆಂದು ತಿಳಿಯತಕ್ಕದ್ದು. ಎರಡು ಮೂರು ದಿವಸಗಳಲ್ಲಿಯೇ ಸಾವು ಬರಬಹುದು. ಮನೆಮದ್ದು ಮಾಡುತ್ತ ಕೂಡ್ರದೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು.

ಹೊಟ್ಟಿನ ಕೋಣೆಗೆ ಬಾಗಿಲೂ, ಕಿಟಕಿಗೆ ತಂತಿಯ ಜಾಳಿಗೆಯೂ ಇರಲಿ. ಬಾಗಿಲಿಲ್ಲದವರು ಮೇಲಿನ ಹೊಟ್ಟಿಗೆ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಬಹುದು. ಮೊದಲೇ ಹೊಲಸಾದ ಹೊಟ್ಟನ್ನು ಗಬ್ಬದ ಕುರಿ ಮೇಕೆಗಳಿಗೆ ಹಾಕದೆ ಎತ್ತುಗಳಿಗೆ ಹಾಕಬಹುದೆಂದು ಕೆಲವರು ಎನ್ನುವರು; ನಾರುವ ಭಾಗವನ್ನು ಸುತ್ತಲಿನ ಒಂದು ಬುಟ್ಟಿ ಹೊಟ್ಟಿನೊಡನೆ ತೆಗೆದು ಸುಡುವದೇ ಸರಿ. ಮಳೆಗಾಲದಲ್ಲಿ ಒಣ ಉಸುಕು ಸಿಗುವದು ಕಷ್ಟ. ರೋಹಿಣಿ ಮಳೆಗೆ ಮುಂಚೆಯೇ, ಬಿಸಿಲು ಬಿರುಸಾಗಿರುವಾಗ, ಎರಡು ಮೂರು ಚೀಲ ಉಸುಕನ್ನೂ ಒಂದು ಚೀಲ ಸಾಣಿಸಿದ ಎರೆಮಣ್ಣನ್ನೂ ಮಾಳಿಗೆಯ ಮೇಲೆ ಹರವಿ ಒಣಗಿಸಿ, ಬಾಯಿ ಕಟ್ಟಿ, ಬೆಕ್ಕು ಕೆದರಲಾರದ ಎತ್ತರದಲ್ಲಿ ಇಟ್ಟುಕೊಳ್ಳತಕ್ಕದ್ದು.